ಶಹನಾಜ್ ಆಂಟಿಯ ಎಡಗೈ ತೋರುಬೆರಳು

ಹಿಕ್ಸ್‌ವಿಲ್‌ನ ಆ ಮನೆಯಲ್ಲಿ ಹೆಂಗಸರೆಲ್ಲ ಕೈ ಚಾಚಿಕೊಂಡು ಕೂತಿದ್ದರು. ಶಹನಾಜ್ ಆಂಟಿಯ ಅಣ್ಣನ ಮಗಳು ಝೋಯಾಳ ಮೆಹೆಂದಿ. ೨೦೧೦ರ ಏಪ್ರಿಲ್ ತಿಂಗಳ ಒಂದು ಭಾನುವಾರ. ಕಿಟಕಿಯ ಆಚೆ ಮ್ಯಾನ್‌ಹ್ಯಾಟನ್ ಕಡೆಗೆ ಹೋಗುವ ರೈಲು ಹಾದುಹೋದಾಗಲೆಲ್ಲ ಮೇಜಿನ ಮೇಲಿನ ಚಹಾ ಕಪ್ಪುಗಳು ಸಣ್ಣಗೆ ಮಾತಾಡಿಕೊಳ್ಳುತ್ತಿದ್ದವು. ಆಂಟಿಯ ಸರದಿ ಬಂತು. ಬಲಗೈ ಪೂರ್ತಿ ಹಾಕಿಸಿಕೊಂಡರು. ಎಡಗೈಗೂ ಹೂವು, ಬಳ್ಳಿ ಎಲ್ಲ ಆಯಿತು. ಕೊನೆಗೆ ತೋರುಬೆರಳಿಗೆ ಬಂದಾಗ ಅದನ್ನು ಮಡಚಿಕೊಂಡುಬಿಟ್ಟರು.

“ಇದೊಂದು ಬೇಡ,” ಅಂದರು.

ಗಾಯವಾಗಿದೆಯೇ ಎಂದು ಮೆಹೆಂದಿ ಹಾಕುವ ಹುಡುಗಿ ಕೇಳಿದಳು. ಇಲ್ಲ. ಅಲರ್ಜಿಯೇ? ಅದೂ ಇಲ್ಲ. ಅತ್ತಿಗೆ ಶುಭಕಾರ್ಯದಲ್ಲಿ ಇದೆಂಥ ಹಟ ಎಂದು ಗೊಣಗಿದರು. ಒಂಬತ್ತು ಬೆರಳು ಹಸಿರು ಲೇಪ ಹೊತ್ತು ಒಣಗುತ್ತಿದ್ದರೆ ಒಂದು ಮಾತ್ರ ಬೋಳು. ಕಾರಣ ಗೊತ್ತಿದ್ದವಳು ಆ ಕೋಣೆಯಲ್ಲಿ ನಾನೊಬ್ಬಳೇ.

“ಆಂಟಿ, ಇಲ್ಲಿ ಯಾರೂ ಬೆರಳು ನೋಡಲ್ಲ. ಸೈನ್ ಮಾಡಿಸ್ಕೋತಾರೆ, ಅಷ್ಟೇ,” ಎಂದು ಪಿಸುಗುಟ್ಟಿದೆ.

“ಗೊತ್ತು ನಿಧಿ. ಆದ್ರೂ ಮಂಗಳವಾರದ ತನಕ ಇದು ಹೀಗೇ ಇರ್ಲಿ.”

ಮಂಗಳವಾರ ಮ್ಯಾನ್‌ಹ್ಯಾಟನ್ ದಾಟಿ ಆಚೆಗಿರುವ ನಮ್ಮ ಊರಿನ ಶಾಲೆಗಳ ಬಜೆಟ್‌ಗೆ ಮತದಾನವಿತ್ತು. ನ್ಯೂಜೆರ್ಸಿಯಲ್ಲಿ ಆಗ ಪ್ರತಿ ಏಪ್ರಿಲ್‌ನಲ್ಲೂ ಇದು ನಡೆಯುತ್ತಿತ್ತು: ಶಾಲೆ ಇಷ್ಟು ತೆರಿಗೆ ಬೇಕು ಎನ್ನುತ್ತದೆ, ಊರಿನವರು ಹೂಂ ಅಥವಾ ಊಹೂಂ ಎನ್ನುತ್ತಾರೆ. ನಲವತ್ತನಾಲ್ಕು ವರ್ಷದ ಶಹನಾಜ್ ಆಂಟಿ ಅಂದು ಜೀವನದಲ್ಲಿ ಮೊದಲ ಸಲ ವೋಟು ಹಾಕುವವರಿದ್ದರು.

ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿಯವರು ಜಗಳಕ್ಕೆ ಬರುತ್ತಾರೆ. ಹ್ಯಾರಿಸನ್‌ನ ಆಸುಪಾಸು ಎಂದಷ್ಟೇ ತಿಳಿದುಕೊಳ್ಳಿ. ಒಂದೇ ಮರದ ಮನೆಯ ಕೆಳಗಿನ ಭಾಗದಲ್ಲಿ ನಾನು, ಮೇಲಿನದರಲ್ಲಿ ಆಂಟಿ ಮತ್ತು ಫಾರೂಕ್ ಅಂಕಲ್. ಅಂಕಲ್ ಬ್ರಿಡ್ಜ್‌ವಾಟರ್ ಕಡೆಯ ಔಷಧ ಕಂಪನಿಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದರು, ಬೆಳಿಗ್ಗೆ ಆರಕ್ಕೇ ಡ್ರೈವ್ ಮಾಡಿಕೊಂಡು ಹೊರಟುಬಿಡುತ್ತಿದ್ದರು. ನನ್ನನ್ನು ೨೦೦೮ರ ಅಕ್ಟೋಬರಿನಲ್ಲಿ ಮ್ಯಾನ್‌ಹ್ಯಾಟನ್ನಿನ ಬ್ಯಾಂಕು ಒಂದು ಪೆಟ್ಟಿಗೆ ಕೊಟ್ಟು ಮನೆಗೆ ಕಳಿಸಿತ್ತು. ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಕೆಲಸ ಹೋದ ಮೇಲೆ ಪೋಸ್ಟ್‌ಮ್ಯಾನ್ ಮೇಲೂ, ಮೈಕ್ರೋವೇವ್ ಮೇಲೂ ಸಿಡುಕುತ್ತಿದ್ದೆ. ಆ ಎರಡು ಚಳಿಗಾಲ ನನ್ನನ್ನು ಮನುಷ್ಯಳಾಗಿ ಉಳಿಸಿದ್ದು ಸಂಜೆಯ ಹೊತ್ತು ಮೇಲಿನ ಮನೆಯಲ್ಲಿ ಸಿಗುತ್ತಿದ್ದ ಚಹಾ, ಅದರ ಜೊತೆಗಿನ ಮೈಸೂರಿನ ಕತೆ.

ಆಂಟಿ ಮೈಸೂರಿನ ಮಂಡಿಮೊಹಲ್ಲಾದವರು. ಮದುವೆಗೆ ಮುಂಚೆ ಐದು ವರ್ಷ ಚುನಾವಣೆಯ ಮಸಿ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದರು. ವೋಟು ಹಾಕಿದವರ ಉಗುರಿಗೆ ಹಚ್ಚುತ್ತಾರಲ್ಲ, ತಿಂಗಳಾದರೂ ಹೋಗದ ಆ ಕಪ್ಪು ಮಸಿ. ಆಂಟಿಯ ಕನ್ನಡವೂ ಅಲ್ಲಿಯದೇ, ಬಾಟಲಿ ತುಂಬುವ ಮೇಜಿನ ಸುತ್ತ ಜವರಮ್ಮ ಎಂಬಾಕೆಯಿಂದ ಕಲಿತದ್ದು.

“ಒಂದು ಬಾಟ್ಲಿಗೆ ಮುನ್ನೂರು ಬೆರಳು,” ಎನ್ನುತ್ತಿದ್ದರು ಆಂಟಿ, ಚಹಾ ಲೋಟವನ್ನು ಬೆಳಕಿಗೆ ಹಿಡಿದು. “ತುಂಬ್ತಾ ತುಂಬ್ತಾ ನನಗೆ ಆ ಬೆರಳೆಲ್ಲ ಕಾಣೋದು. ಮೀನು ಹಿಡಿಯೋವ್ರ ಬೆರಳು, ಹಿಮದಲ್ಲಿರೋ ಮುದುಕೀರ ಬೆರಳು. ಬಾಣಂತಿ ಬೆರಳು. ಎಲ್ಲಾ ಸಾಲಾಗಿ ನಿಂತು ನನ್ನ ಮೇಜಿನ ಹತ್ರ ಬರೋವು. ಜವರಮ್ಮ ಬೈಯೋಳು, ಹಗಲುಗನಸು ಕಾಣ್ಬೇಡ, ಚೆಲ್ಲುತ್ತೆ ಅಂತ.”

ಒಂದು ದಿನ ಚೆಲ್ಲಿಯೇ ಚೆಲ್ಲಿತು. ೧೯೮೯ರ ಚುನಾವಣೆಗೆ ಹಗಲಿರುಳು ಕೆಲಸ ನಡೆದಿತ್ತು. ಕೈಗವುಸು ಹರಿದದ್ದು ಆಂಟಿಗೆ ತಿಳಿಯಲಿಲ್ಲ, ಬಾಟಲಿಯೊಂದು ಕೈಯಲ್ಲೇ ಒಡೆಯಿತು. ಬಿಸಿಲಿಗೆ ಬಂದದ್ದೇ ಎಡಗೈ ಬೆರಳುಗಳೆಲ್ಲ ಕಪ್ಪಾದವು. ವಾರದ ನಂತರ ಹೊಸ ಸಲ್ವಾರ್ ತೊಟ್ಟು ಮೊದಲ ವೋಟು ಹಾಕಲು ಹೋದರು. ಮತಗಟ್ಟೆಯಲ್ಲಿದ್ದ ಗುಮಾಸ್ತ ಕೈ ನೋಡಿದ.

“ಏನಮ್ಮಾ, ಬೆಳಿಗ್ಗೆ ಹಾಕಿ ಹೋದವಳು ಮತ್ತೆ ಬಂದ್ಯಾ?”

“ಇಲ್ಲ ಸಾರ್, ನಾನು ಮಸಿ ಕಾರ್ಖಾನೆಯವಳು. ಈ ಮಸಿ ನಾವೇ ಮಾಡೋದು.”

“ಸರಿ, ನಾನು ಟಂಕಸಾಲೆಯವನು. ನೋಟು ನಾನೇ ಮಾಡೋದು. ಹೋಗಮ್ಮ ಆ ಕಡೆ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಆಂಟಿ ದುಪಟ್ಟಾದಲ್ಲಿ ಕೈ ಮುಚ್ಚಿಕೊಂಡು ಮನೆಗೆ ಬಂದರು. ದೇಶಕ್ಕೆಲ್ಲ ಮಸಿ ತುಂಬಿ ಕಳಿಸಿದವಳಿಗೆ ವೋಟಿಲ್ಲ; ದೀಪದ ಕೆಳಗೆ ಕತ್ತಲೆ ಎಂದು ಇಂಥದ್ದಕ್ಕೇ ಹೇಳಿರಬೇಕು. ಮರುವರ್ಷ ಮದುವೆ, ಆಮೇಲೆ ಕೊಲ್ಲಿ ನಾಡಿನ ದಮ್ಮಾಮ್, ಆಮೇಲೆ ನ್ಯೂಜೆರ್ಸಿ. ಎಲ್ಲಿಯೂ ವೋಟಿನ ಮಾತು ಬರಲಿಲ್ಲ. ಈ ಕತೆ ಕೇಳಿದ ದಿನ ನಾನು ಆ ಗುಮಾಸ್ತನನ್ನು ವಾಚಾಮಗೋಚರ ಬೈದೆ. ಆಂಟಿ ನಕ್ಕು, “ಪಾಪ, ಅವನ ಡ್ಯೂಟಿ,” ಅಂದರು. ನನಗೆ ಅವರ ಮೇಲೂ ಸಿಟ್ಟು ಬಂತು.

ನಮ್ಮ ಊರಿನ ಮಿಡ್ಲ್ ಸ್ಕೂಲಿನಲ್ಲಿ ಆಂಟಿ ಮೊದಲು ಊಟದ ಹೊತ್ತು ಮಕ್ಕಳನ್ನು ಕಾಯುತ್ತಿದ್ದರು. ನಂತರ ಎಂಟನೇ ತರಗತಿಯ ಸಮಾಜಪಾಠಕ್ಕೆ ಸಹಾಯಕಿಯಾದರು. ಟೀಚರ್ ಹೆಸರು ಮಿಸ್ ಕೊವಾಲ್ಸ್ಕಿ. ಇಪ್ಪತ್ತೇಳು ವರ್ಷದ ಹುಡುಗಿ, ತೆಳ್ಳಗೆ, ಸದಾ ನೆಗಡಿ. ಭೂಪಟ ಬಿಚ್ಚಿ ಹಿಡಿಯುವುದು, ಹೊಸದಾಗಿ ದೇಶಕ್ಕೆ ಬಂದ ಮಕ್ಕಳ ಪಕ್ಕ ಕೂತು ಪಾಠವನ್ನು ನಿಧಾನವಾಗಿ ಇನ್ನೊಮ್ಮೆ ಹೇಳುವುದು, ಟೀಚರಿಗೆ ಶುಂಠಿ ಕಷಾಯ ಮಾಡಿಕೊಡುವುದು ಆಂಟಿಯ ಕೆಲಸ. ಕಷಾಯ ಕೆಲಸದ ಪಟ್ಟಿಯಲ್ಲಿರಲಿಲ್ಲ.

ಚುನಾವಣೆಯ ಪಾಠದ ದಿನ ಮಿಸ್ ಕೊವಾಲ್ಸ್ಕಿ ಆಂಟಿಯನ್ನು ಎದುರಿಗೆ ನಿಲ್ಲಿಸಿ ಮಸಿಯ ಕತೆ ಹೇಳಿಸಿದರು. ಮಕ್ಕಳು ಬಾಯಿ ತೆರೆದು ಕೇಳಿದರು. ಮೀನುಗಾರರ ಬೆರಳು, ಹಿಮದ ಮುದುಕಿಯರ ಬೆರಳು ಆ ತರಗತಿಯಲ್ಲೂ ಸಾಲಾಗಿ ಹಾದುಹೋದವು. ಆಗ ಮೊದಲ ಬೆಂಚಿನ ಮಾರಿಸೋಲ್ ಎಂಬ ಹುಡುಗಿ ಕೇಳಿದಳು: ನೀವು ಎಷ್ಟು ಸಲ ವೋಟು ಹಾಕಿದ್ದೀರಿ?

“ಮೂರು ಸಲ,” ಅಂದುಬಿಟ್ಟರು ಆಂಟಿ.

ಅಂದು ಸಂಜೆ ಚಹಾ ಕುದಿದು ಉಕ್ಕಿ ಒಲೆಯ ಮೇಲೆ ಚೆಲ್ಲಿತು. “ಮಕ್ಕಳ ಮುಂದೆ ಸುಳ್ಳು ಹೇಳ್ದೆ ನಿಧಿ. ಅದೂ ಸಿವಿಕ್ಸ್ ಕ್ಲಾಸಲ್ಲಿ,” ಅಂದರು. ಮರುದಿನವೇ ಪೌರತ್ವದ ಅರ್ಜಿ ತರಿಸಿದರು. ಏಳು ವರ್ಷದಿಂದ ಗ್ರೀನ್ ಕಾರ್ಡ್ ಇಟ್ಟುಕೊಂಡು ಸುಮ್ಮನೆ ಕೂತಿದ್ದ ಹೆಂಗಸು.

ಪೌರತ್ವದ ಪರೀಕ್ಷೆಗೆ ನೂರು ಪ್ರಶ್ನೆಗಳ ಪಟ್ಟಿ ಇರುತ್ತದೆ. ಮಿಸ್ ಕೊವಾಲ್ಸ್ಕಿ ಅದನ್ನೇ ಪಾಠವಾಗಿಸಿದರು. ಊಟದ ಬಿಡುವಿನಲ್ಲಿ ಮಕ್ಕಳು ಅಧಿಕಾರಿಗಳಾಗಿ ಕೂರುತ್ತಿದ್ದರು, ಆಂಟಿ ಕೈಕಟ್ಟಿ ಉತ್ತರಿಸುತ್ತಿದ್ದರು. ಸಂವಿಧಾನ ಏನು ಮಾಡುತ್ತದೆ? ಸೆನೆಟರುಗಳು ಎಷ್ಟು? ತಪ್ಪಿದರೆ ಮಾರಿಸೋಲ್ ಗಂಭೀರವಾಗಿ ತಲೆಯಾಡಿಸಿ ಇನ್ನೊಮ್ಮೆ ಎನ್ನುತ್ತಿದ್ದಳು. ನಾಗರಿಕರಿಗೆ ಮಾತ್ರ ಇರುವ ಒಂದು ಹಕ್ಕು ಯಾವುದು ಎಂಬ ಪ್ರಶ್ನೆ ಮುಗಿಯುವ ಮೊದಲೇ ಆಂಟಿಯ ಉತ್ತರ ಬಂದಿರುತ್ತಿತ್ತು. ಮಾರ್ಚ್ ಮೊದಲ ವಾರ ನ್ಯೂಅರ್ಕ್‌ನಲ್ಲಿ ಪ್ರಮಾಣವಚನ ಮುಗಿಸಿ, ಅದೇ ದಿನ ಮತದಾರರ ಅರ್ಜಿ ತುಂಬಿ, ಅಂಚೆಗೆ ಹಾಕಿದರೆ ಕಳೆದುಹೋದೀತೆಂದು ನನ್ನ ಕಾರಿನಲ್ಲೇ ಹೋಗಿ ಕೈಯಾರೆ ಕೊಟ್ಟು ಬಂದರು.

ಅಷ್ಟರಲ್ಲಿ ಕೆಟ್ಟ ಸುದ್ದಿಯೂ ಬಂತು. ರಾಜ್ಯದ ಖಜಾನೆ ಬರಿದಾಗಿತ್ತು, ಶಾಲೆಗಳ ಅನುದಾನಕ್ಕೆ ಕತ್ತರಿ ಬಿತ್ತು. ಊರಿನವರು ಬಜೆಟ್ ಒಪ್ಪದಿದ್ದರೆ ಕೊನೆಗೆ ಸೇರಿದವರು ಮೊದಲು ಹೊರಗೆ. ಪಟ್ಟಿಯ ಮೇಲ್ತುದಿಯಲ್ಲಿ ಮಿಸ್ ಕೊವಾಲ್ಸ್ಕಿಯ ಹೆಸರು. ಊರಲ್ಲಿ ಎರಡು ಮನೆಗೊಬ್ಬರು ಕೆಲಸ ಕಳೆದುಕೊಂಡಂತಿತ್ತು. ತೆರಿಗೆ ಎಂದರೆ ಜನ ಹಾವು ತುಳಿದಂತೆ ಹಾರುತ್ತಿದ್ದರು. ಯಾರನ್ನು ದೂರುವುದು? ನಾನೇ ಕೆಲಸ ಕಳೆದುಕೊಂಡವರ ಸಾಲಿನಲ್ಲಿದ್ದವಳು.

ಮಂಗಳವಾರ ಶಾಲೆ ಬಿಟ್ಟ ಮೇಲೆ ಆಂಟಿಯನ್ನು ಕಾರಿನಲ್ಲಿ ಕೂರಿಸಿಕೊಂಡೆ. ಪಾರ್ಕಿನ ಪಕ್ಕದ ರಸ್ತೆಯಲ್ಲಿ ಚೆರ್ರಿ ಮರಗಳು ಹೂಬಿಟ್ಟಿದ್ದವು, ಗಾಳಿಗೆ ತಿಳಿಗೆಂಪು ಪಕಳೆಗಳು ಗಾಜಿಗೆ ಬಂದು ಅಂಟುತ್ತಿದ್ದವು. ನಾನು ವೈಪರ್ ಹಾಕಹೋದೆ. “ಇರ್ಲಿ ಬಿಡು, ನಿಧಾನ ಹೋಗು,” ಅಂದರು. ಆ ಹೂವಿನೊಳಗಿಂದ ಊರು ನೀರಲ್ಲಿ ಮುಳುಗಿದ ಹಾಗೆ ಮಸುಕಾಗಿ ಕಾಣುತ್ತಿತ್ತು. ಆಂಟಿ ಎಡಗೈ ಬೆರಳನ್ನು ಮಡಿಲಲ್ಲಿ ನೆಟ್ಟಗೆ ಹಿಡಿದುಕೊಂಡಿದ್ದರು, ಜ್ವರ ನೋಡುವ ಕಡ್ಡಿ ಹಿಡಿದಂತೆ.

ಮತಗಟ್ಟೆ ಅಗ್ನಿಶಾಮಕ ದಳದ ಕಟ್ಟಡದಲ್ಲಿತ್ತು. ಕೆಂಪು ಲಾರಿಯನ್ನು ಹೊರಗೆ ನಿಲ್ಲಿಸಿ ಒಳಗೆ ಮೇಜು ಹಾಕಿದ್ದರು. ದಪ್ಪ ಕನ್ನಡಕದ ಮುದುಕನೊಬ್ಬ ಪುಸ್ತಕ ತೆರೆದು ಕೂತಿದ್ದ. ಆಂಟಿ ಹೆಸರು ಹೇಳಿದರು. ಆತ ಪುಟ ತಿರುವಿದ. ತಲೆಯೆತ್ತಿದವನ ಕಣ್ಣು ಹೋಗಿ ಆಂಟಿಯ ಕೈಗಳ ಮೇಲೆ ನಿಂತಿತು.

ನಿಂತೇ ಇತ್ತು. ಆಂಟಿ ಕೈಗಳೆರಡನ್ನೂ ಸರಕ್ಕನೆ ದುಪಟ್ಟಾದೊಳಗೆ ಸೇರಿಸಿ ಒಂದು ಹೆಜ್ಜೆ ಹಿಂದೆ ಸರಿದರು. ತಿರುಗಿ ಹೊರಟೇಬಿಡುತ್ತಾರೆಂದು ನನಗೆ ಗೊತ್ತಾಯಿತು. ನನಗೆ ಬೈಗುಳ ನಾಲಿಗೆಗೆ ಬಂದು ನಿಂತಿತ್ತು.

“ಬ್ಯೂಟಿಫುಲ್,” ಅಂದ ಮುದುಕ. “ನನ್ನ ಮೊಮ್ಮಗಳಿಗೆ ತೋರಿಸಬೇಕಿತ್ತು. ಇಲ್ಲಿ ಸೈನ್ ಮಾಡಿ, ಹನಿ.”

ಆಂಟಿ ಸಹಿ ಹಾಕಿದರು. ಪರದೆಯ ಹಿಂದೆ ಹೋದರು. ಬಹಳ ಹೊತ್ತು ಬರಲಿಲ್ಲ. ಒಂದು ಗುಂಡಿ ಒತ್ತಲು ಎಷ್ಟು ಹೊತ್ತು ಬೇಕು ಎಂದು ನಾನು ಸಿಡಿಮಿಡಿಗೊಳ್ಳುತ್ತಿದ್ದೆ. ಹೊರಗೆ ಬಂದವರು ಮುದುಕನ ಮುಂದೆ ನಿಂತು ಎಡಗೈ ತೋರುಬೆರಳನ್ನು ಚಾಚಿದರು. ಆತನಿಗೆ ಏನೂ ಅರ್ಥವಾಗಲಿಲ್ಲ. ತಾನೂ ಬೆರಳು ಚಾಚಿ, ಬಾಗಿಲು ಆ ಕಡೆ ಎಂದು ತೋರಿಸಿದ.

ಕಾರಿನಲ್ಲಿ ಆಂಟಿ ಬೋಳು ಬೆರಳನ್ನೇ ನೋಡುತ್ತಿದ್ದರು. “ಹಾಕಿದ್ದು ಹೌದಾ ನಿಧಿ? ಏನೂ ಗುರುತೇ ಇಲ್ವಲ್ಲ.”

“ಹೌದು ಆಂಟಿ. ನಾನೇ ನೋಡಿದ್ನಲ್ಲ,” ಅಂದೆ. ಆ ಮಾತು ಅವರಿಗೆ ಸಾಲಲಿಲ್ಲ.

ಬಜೆಟ್ ಸೋತಿತು. ಮರುದಿನ ಎಂಟನೇ ತರಗತಿಯಲ್ಲಿ ನಡೆದದ್ದನ್ನು ಆಂಟಿ ನನಗೆ ಹೇಳಿದ್ದು ಹೀಗೆ. ಮಿಸ್ ಕೊವಾಲ್ಸ್ಕಿ ಕೆಂಪು ಮೂಗು ಒರೆಸಿಕೊಳ್ಳುತ್ತ ಬಂದರು. ನೆಗಡಿಯೋ ಅಳುವೋ ಹೇಳುವುದು ಕಷ್ಟ. ಕಪ್ಪು ಮಾರ್ಕರ್ ತೆಗೆದು ಬಿಳಿ ಹಲಗೆಯ ಮೇಲೆ ಬರೆದರು: ಬೇಡ, ೧೯೧೧. ಬೇಕು, ೧೨೮೬. ಇದು ನಿಮ್ಮ ಊರು ಕೊಟ್ಟ ಉತ್ತರ, ಇದರ ಬಗ್ಗೆ ಮಾತಾಡೋಣ ಅಂದರು. ತನ್ನ ಕೆಲಸದ ಮಾತು ಎತ್ತಲಿಲ್ಲ. ಮಕ್ಕಳು ತಲೆ ತಗ್ಗಿಸಿ ಕೂತಿದ್ದರು. ಹಿಂದಿನಿಂದ ಯಾರೋ, ಹಾಗಾದರೆ ವೋಟು ಹಾಕಿ ಏನು ಪ್ರಯೋಜನ ಎಂದರು.

ಆಗ ಆಂಟಿ ಎದ್ದರು. ಟೀಚರನ್ನು ಕೇಳಿ ಹಲಗೆಯ ಹತ್ತಿರ ಹೋದರು.

“ನಾನು ನಿಮ್ಗೆ ಸುಳ್ಳು ಹೇಳಿದ್ದೆ,” ಎಂದು ತಮ್ಮ ಇಂಗ್ಲಿಷಿನಲ್ಲಿ ಹೇಳಿದರು. “ಮೂರು ಸಲ ಅಂದಿದ್ದೆ. ಒಂದು ಸಲವೂ ಹಾಕಿರಲಿಲ್ಲ. ನನ್ನನ್ನ ವಾಪಸ್ ಕಳಿಸಿದ್ರು. ನಿನ್ನೆ ಹಾಕಿದ್ದೇ ಮೊದಲನೇದು.”

ನಂತರ ೧೨೮೬ರ ಕೊನೆಯ ಅಂಕಿಯ ಮೇಲೆ ಎಡಗೈ ತೋರುಬೆರಳು ಇಟ್ಟರು.

“ನಾನು ಹೋಗದಿದ್ರೆ ಇಲ್ಲಿ ಐದು ಇರ್ತಿತ್ತು. ಇದು ನಾನು. ಸೋತೆ. ಆದ್ರೆ ಎಣಿಸಿದಾರೆ ನನ್ನ.”

ಆಂಟಿ ಬೆರಳು ತೆಗೆದಾಗ ಆರರ ಹೊಟ್ಟೆ ಅಳಿಸಿಹೋಗಿತ್ತು. ಮೊದಲು ನೋಡಿದ್ದು ಮಾರಿಸೋಲ್. ನಿಮ್ಮ ಬೆರಳು, ಅಂದಳು. ಬೋಳು ಬಿಟ್ಟಿದ್ದ ಬೆರಳಿನ ತುದಿ ಕಪ್ಪಾಗಿತ್ತು. ಮಿಸ್ ಕೊವಾಲ್ಸ್ಕಿ ಅಳಿಸಿದ ಆರನ್ನು ಮತ್ತೆ ಬರೆದರು, ಸ್ವಲ್ಪ ದಪ್ಪಗೆ.

ಮೂರು ಗಂಟೆಗೆ ಶಾಲೆಯ ಗೇಟಿನ ಹತ್ತಿರ ಆಂಟಿ ಕಾರಿಗೆ ಹತ್ತಿದಾಗ ಆ ಬೆರಳನ್ನು ಎತ್ತಿ ಹಿಡಿದಿದ್ದರು. ತೋರಿಸಿದರು ಅಷ್ಟೇ. ಒರೆಸಿದರೆ ಹೋಗುವ ಕಪ್ಪು ಅದು. ನಾನು ನೋಡಿದೆ. ಎರಡು ಚಳಿಗಾಲದಿಂದ ಬಾರದ ಅಳು ಆ ಗೇಟಿನ ಮುಂದೆ ಬಂತು. ಹಿಂದಿನ ಕಾರಿನವನು ಹಾರ್ನ್ ಹೊಡೆದ, ಅವನಿಗೆ ಏನೂ ಅನ್ನಲಿಲ್ಲ.

ದಾರಿಯುದ್ದಕ್ಕೂ ಆಂಟಿ ಆ ಕೈಯನ್ನು ಯಾವುದಕ್ಕೂ ತಾಗಿಸಲಿಲ್ಲ. ಸೀಟ್ ಬೆಲ್ಟನ್ನು ನಾನೇ ಬಿಚ್ಚಿದೆ. ಆ ಸಂಜೆ ಮೇಲಿನ ಮನೆಯಲ್ಲಿ ಪಾತ್ರೆ ತೊಳೆದದ್ದು ಫಾರೂಕ್ ಅಂಕಲ್.