ಎದಿ ಫೋಟೋದಾಗಿನ ಕರಡಿಗಿ

ಪವಾಡ-ಗಿವಾಡ ಅಂದ್ರ ನಗತಿದ್ದಾಕಿ ನಾನು. ರೋಣದಾಗ ಸಾಲಿ ಕಲಿಸತಿದ್ದೆ; ಕಣ್ಣಿಗೆ ಕಂಡದ್ದಷ್ಟ ಖರೇ ಅಂತ ಹುಡುಗೂರಿಗೆ ಹೇಳಿಕೊಟ್ಟಾಕಿ. ಈಗ ಬರಿಯೂದನ್ನ ನಂಬ್ರಿ ಅಂತ ನಿಮಗ ಗಂಟು ಬೀಳೂದಿಲ್ಲ. ಆದ್ರ ನನ್ನ ಸಿಟ್ಟು ಮಾತ್ರ ಇನ್ನೂ ಆರಿಲ್ಲ.

ಐವತ್ತರ ದಶಕದ ಮಾತು. ಸೂಡಿಯೊಳಗಿದ್ದ ನಮ್ಮವ್ವಗ ಮೊಲಿಯಾಗ ಗಂಟಾಗಿ, ಹುಬ್ಬಳ್ಳಿಯ ಒಂದು ದವಾಖಾನ್ಯಾಗ ಕೊಯ್ದು ತಗದಿದ್ರು. ವರ್ಷ ತುಂಬೂದ್ರಾಗ ಕೆಮ್ಮು ಹತ್ತಿತು. ಕ್ಯಾನ್ಸರ್ ಪುಪ್ಪಸಕ್ಕ ಹಬ್ಬೇತೇನೋ, ಎಕ್ಸ್‌ರೇ ತಗದು ನೋಡೂಣು, ಹಬ್ಬಿದ್ರ ಲಗೂನ ಮುಂಬಯಿಗೆ ಒಯ್ಯಬೇಕು ಅಂದ್ರು ಡಾಕ್ಟರು.

ಎಕ್ಸ್‌ರೇ ಕೋಣಿ ಬಾಗಲದಾಗ ನರ್ಸಬಾಯಿ, "ಕೊಳ್ಳಾಗಿಂದೆಲ್ಲಾ ತಗೀರಿ" ಅಂದಳು. ಅವ್ವ ಎಲ್ಲಾ ತಗದ್ಲು, ಇಷ್ಟಲಿಂಗದ ಬೆಳ್ಳಿ ಕರಡಿಗಿ ಮಾತ್ರ ಬಿಡವಲ್ಲಳು. ಲಿಂಗ ಮೈ ಬಿಟ್ಟು ಇರಬಾರದಲ್ಲ. ಕಡೀಕ ನನ್ನ ಮಾರಿ ನೋಡಿ, "ನೀನೂ ನನ್ನ ಮೈನ ಅಲ್ಲೇನ ಮಗಳ" ಅಂತ ನನ್ನ ಅಂಗೈಯಾಗ ಇಟ್ಲು. ಮುಷ್ಟಿ ಬಿಗಿಹಿಡದು ಹೊರಗ ನಿಂತೆ. ಬೆಳ್ಳಿ ಅವ್ವನ ಎದಿ ಕಾವಿಗೆ ಇನ್ನೂ ಬೆಚ್ಚಗಿತ್ತು.

ಫೋಟೋದಾಗ ಎದಿ ಎಡಕ್ಕ ಬೆಳ್ಳಗ, ಗುಂಡಗ ಒಂದು ನೆರಳು. ಎರಡೂ ಬಾಜೂ ಶಿವದಾರ ಪೋಣಿಸೂ ಕಿವಿ! ಥೇಟ ನಮ್ಮ ಕರಡಿಗಿನ.

"ಈ ಕಡೆ ಹೆಣ್ಮಕ್ಕಳಿಗೆ ಎಷ್ಟ ಹೇಳಿದ್ರೂ ಅಷ್ಟ, ಲಿಂಗ ತಗಿಯೂದಿಲ್ಲ. ಪುಪ್ಪಸ ಚಲೋ ಐತಿ, ಊರಿಗೆ ಹೋಗ್ರಿ" ಅಂದ್ರು ಡಾಕ್ಟರು.

"ಸಾಹೇಬ್ರ, ಕರಡಿಗಿ ನನ್ನ ಕೈಯಾಗ ಇತ್ರೀ! ಇನ್ನೊಮ್ಮೆ ತಗೀರಿ" ಅಂತ ಮುಷ್ಟಿ ಬಿಚ್ಚಿ ತೋರಿಸಿದೆ.

"ಈಗ ಬಿಚ್ಚಿಕೊಂಡು ಬಂದು ನನಗ ತೋರಸ್ತೀಯೇನು?" ಅಂತ ಗದರಿಸಿ, ಫೋಟೋ ನನ್ನ ಕೈಗೆ ತುರುಕಿ, ಮುಂದಿನವರನ್ನ ಕರದ್ರು. ಕಣ್ಣಾರೆ ಕಂಡಿದ್ದ ನರ್ಸಬಾಯಿ ಮಾರಿ ತಿರುವಿ ಒಳಗ ನಡದ್ಲು. ಏನ್ ಸೊಕ್ಕರೀ ಅದು! ಮುಂಬಯಿಗೆ ಹೋಗಿದ್ರ ಅವ್ವ ಉಳೀತಿದ್ಲೋ ಇಲ್ಲೋ, ಇನ್ನೊಂದು ಸಲ ನೋಡೂದರಾಗ ಅವರ ಗಂಟೇನು ಹೋಗತಿತ್ತು?

ಅವ್ವ ಹಿಗ್ಗಿಲೆ ಊರಿಗೆ ಬಂದು ರೊಟ್ಟಿ ಬಡಿಯಾಕ ಕುಂತ್ಲು. ಬ್ಯಾಸಗ್ಯಾಗ ಕೆಮ್ಮಿನ ಕೂಡ ರಕ್ತ ಬಂತು. ಮತ್ತ ಅದ ದವಾಖಾನಿ, ಅದ ಡಾಕ್ಟರು. ಈ ಸಲ ಅವರ ಕಣ್ಣೆದುರಿಗೇ ಕರಡಿಗಿ ಹಿಡಕೊಂಡು ನಿಂತೆ. ಅದ ಜಾಗಾದಾಗ ಅದ ಗುಂಡನ್ನ ನೆರಳು. ಕಿವಿ ಮಾತ್ರ ಇರಲಿಲ್ಲ.

"ಕ್ಯಾನ್ಸರ್ ಹಬ್ಬೇತಿ. ಇಷ್ಟ್ಯಾಕ ತಡಾ ಮಾಡಿದ್ರಿ?" ಅಂದ್ರು. ತಡಾ ನಾವು ಮಾಡಿದ್ವಂತ!

ಅವ್ವನ ಅಂಗೈಯಾಗ ಲಿಂಗ ಇಟ್ಟು ಮಣ್ಣು ಕೊಟ್ವಿ. ಮೊದಲಿನ ಫೋಟೋ ನನ್ನ ಹತ್ರನ ಐತಿ. ಬೆಳಕಿಗೆ ಹಿಡದ್ರ ಆ ಎರಡು ಕಿವಿ ಈಗೂ ಕಾಣತಾವ. ಅದು ರೋಗಾನ ಆಗಿದ್ರ, ಅದಕ್ಕ ಕಿವಿ ಎಲ್ಲಿಂದ ಬಂದ್ವು? ಕರಡಿಗಿ ಆಗಿದ್ರ, ನನ್ನ ಮುಷ್ಟಿಯೊಳಗ ಬೆಚ್ಚಗಿದ್ದದ್ದು ಏನು?