ಬೇಬಿ ಕಾರಿನ ಹುಳುಮನೆ

ಮಂಡಿಕಲ್ ಕಡೆಯಿಂದ ಶಿಡ್ಲಘಟ್ಟದ ಸೀಮೆಗೆ ಸೊಸೆಯಾಗಿ ಬಂದ ಲಕ್ಷ್ಮೀನರಸಮ್ಮನಿಗೆ ಊರಿನವರು ಇಟ್ಟ ಹೆಸರು ಗಯ್ಯಾಳಿ. ಯಾಕಪ್ಪಾ ಅಂದರೆ, ಒಂದು ಮಾತು ಆಡಿದವರಿಗೆ ಎರಡು ಮಾತು ತಿರುಗಿಸಿ ಕೊಡುತ್ತಿದ್ದಳು, ಅಷ್ಟೇ. ಅದನ್ನೇ ಗಂಡಸು ಮಾಡಿದ್ದರೆ ಗಟ್ಟಿಗ ಅನ್ನುತ್ತಿದ್ದರು. ಊರ ಬಾಯಿ ಮುಚ್ಚೋಕೆ ಯಾರ ಕೈಲಾದೀತು? ಅವಳೂ ಬೇಜಾರು ಮಾಡಿಕೊಂಡವಳಲ್ಲ. "ಗಯ್ಯಾಳಿ ಅಂದ್ರಲ್ಲ, ಮೂಗಿ ಅನ್ನಲಿಲ್ವಲ್ಲ, ಬಿಡು," ಅನ್ನುತ್ತಿದ್ದಳು.

ಗಂಡ ಪಾಪಯ್ಯ ಶಿಡ್ಲಘಟ್ಟದ ಒಬ್ಬ ರೇಷ್ಮೆ ಸಾಹುಕಾರನ ಬಳಿ ಡ್ರೈವರು. ಸಾಹುಕಾರ ದೊಡ್ಡ ಕಾರು ಕೊಂಡ ವರ್ಷ ಹಳೇ ಬೇಬಿ ಕಾರನ್ನು ಪಾಪಯ್ಯನಿಗೇ ಬಿಟ್ಟುಕೊಟ್ಟ. ಕಾರು ಅಂದರೆ ಎಂಥದು? ಹಿಂದೆ ಕೂತವರ ಮೊಣಕಾಲು ಗದ್ದಕ್ಕೆ ತಾಗುವಷ್ಟು ಪುಟ್ಟದು. ಊರವರು ಅದನ್ನು 'ಪಾಪಯ್ಯನ ಡಬ್ಬಿ' ಅಂತ ಕರೆದರು. ಮಕ್ಕಳಿಲ್ಲದ ದಂಪತಿ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಆ ಬಯಲಿನಲ್ಲಿ ಪಾಪಯ್ಯ ಹೆಂಡತಿಗೆ ಕಾರು ಬಿಡುವುದನ್ನು ಕಲಿಸಿದ. ಮುಂದೆ ಹ್ಯಾಂಡಲು ಹಾಕಿ ತಿರುಗಿಸಿ ಎಂಜಿನ್ ಎಬ್ಬಿಸುವುದನ್ನೂ ಕಲಿಸಿದ. "ಹೆಬ್ಬೆರಳು ಸುತ್ತಿ ಹಿಡೀಬೇಡ ಕಣೇ, ಹ್ಯಾಂಡ್ಲು ವಾಪಸ್ ಒದ್ರೆ ಕೈ ಮುರೀತದೆ," ಅಂತ ಎಚ್ಚರಿಸಿದ. ನೋಡಿದವರು ಮೂಗಿನ ಮೇಲೆ ಬೆರಳಿಟ್ಟರು. ಅವಳು ಹಾರನ್ ಬಾರಿಸಿದಳು.

ಐವತ್ತೆಂಟನೇ ಇಸವಿಯ ಮಳೆಗಾಲದಲ್ಲಿ ಪಾಪಯ್ಯ ಕಾಮಾಲೆಯಲ್ಲಿ ಹೋಗಿಬಿಟ್ಟ. ತಿಥಿ ಮುಗಿದು ನೆಂಟರು ಎದ್ದು ಹೋದದ್ದೇ ತಡ, ಮೈದುನ ನರಸಿಂಹಪ್ಪ ಮನೆಯವರೆಲ್ಲ ಸೇರಿ ರೇಷ್ಮೆ ಹುಳು ಸಾಕುತ್ತಿದ್ದ ಹುಳುಮನೆಗೆ ಬೀಗ ಜಡಿದ.

"ಅತ್ತಿಗಮ್ಮ, ಇನ್ಮೇಲೆ ನೀನು ಒಳಗೆ ಬರಬೇಡ. ಗಂಡ ಸತ್ತೋಳ ನೆರಳು ಬಿದ್ರೆ ಹುಳ ಜ್ವರದಿಂದ ಏಳಲ್ಲ," ಅಂದ.

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ನಿಲ್ಲುತ್ತದೆ. ಅದಕ್ಕೇ ಈ ಕಡೆಯವರು ಜ್ವರ ಅನ್ನುವುದು. ಆ ಮನೆಗೆ ಕಾಲಿಟ್ಟ ವರ್ಷದಿಂದ ಅಲ್ಲಿನ ಹುಳುಗಳು ಜ್ವರ ಬಿಟ್ಟು ಎದ್ದದ್ದೆಲ್ಲ ಲಕ್ಷ್ಮೀನರಸಮ್ಮನ ಕೈಯಲ್ಲೇ. ಈಗ ಅವಳ ನೆರಳೇ ವಿಷವಾಯಿತಂತೆ! ಅವಳಿಗೆ ಗಂಡ ಸತ್ತಾಗ ಬಂದ ಅಳುವಿಗಿಂತ ಈ ಮಾತಿಗೆ ಬಂದ ಸಿಟ್ಟು ದೊಡ್ಡದಾಗಿತ್ತು.

ನರಸಿಂಹಪ್ಪನ ಕಣ್ಣು ಇದ್ದದ್ದು ನೆರಳಿನ ಮೇಲಲ್ಲ, ಪಾಪಯ್ಯನ ಪಾಲಿಗೆ ಬಂದಿದ್ದ ಕೆಳಗಿನ ಹಿಪ್ಪುನೇರಳೆ ತೋಟದ ಮೇಲೆ. ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. "ಹುಳುಮನೇನೇ ಇಲ್ದೋಳಿಗೆ ಸೊಪ್ಪಿನ ತೋಟ ಯಾಕೆ? ನಂಗೆ ಬಿಡ್ಲಿ, ಎರಡು ಹೊತ್ತು ಮುದ್ದೆ ಹಾಕ್ತೀನಿ," ಅಂದ. ಊರ ಹಿರಿಯ ವೆಂಕಟರಾಯಪ್ಪ ಕೆಟ್ಟವನಲ್ಲ, ಆದರೆ ಅಡ್ಡಗೋಡೆ ಮೇಲೆ ದೀಪ ಇಡುವ ಮನುಷ್ಯ. ಬಹಳ ಹೊತ್ತು ಗಡ್ಡ ಕೆರೆದುಕೊಂಡು ಹೇಳಿದ:

"ಸಂಕ್ರಾಂತಿ ಒಳಗೆ ನಿನ್ನದೇ ಹುಳುಮನೇಲಿ ಹುಳ ಸಾಕಿ ಒಂದು ಬೆಳೆ ಗೂಡು ತೋರ್ಸಮ್ಮ. ತೋಟ ನಿಂದೇ. ಆಗಲಿಲ್ಲ ಅಂದ್ರೆ ಮೈದುನಂಗೆ ಬಿಟ್ಟುಬಿಡು."

"ಆಗ್ಲಿ," ಅಂದಳು ಲಕ್ಷ್ಮೀನರಸಮ್ಮ.

"ಹುಳುಮನೆ ಎಲ್ಲೈತೆ ನಿಂಗೆ?" ಅಂದ ನರಸಿಂಹಪ್ಪ.

"ಕಾರೈತಲ್ಲ."

ಕಟ್ಟೆ ಬಿರಿಯುವ ಹಾಗೆ ಜನ ನಕ್ಕರು. ನರಸಿಂಹಪ್ಪ ಹೊಗೆಸೊಪ್ಪು ಉಗಿದು, "ಹುಳುಮನೆ ಅಂದ್ರೆ ಕಾಲು ತೊಳ್ಕೊಂಡು ಒಳಗೆ ಹೋಗೋ ಜಾಗ. ಕಾರಿಗೆ ಯಾವನಾದ್ರೂ ಕಾಲು ತೊಳ್ಕೊಂಡು ಹತ್ತಿದ್ದು ಕಂಡಿದ್ದೀರೇನ್ರಪ್ಪಾ?" ಅಂದ. ಮತ್ತೆ ನಗು. ಅವಳು ಸೆರಗು ಸಿಕ್ಕಿಸಿಕೊಂಡು ಎದ್ದು ಹೋದಳು.

ಅವತ್ತೇ ಕಾರನ್ನು ಕೆಳಗಿನ ತೋಟಕ್ಕೆ ತಂದು ನಿಲ್ಲಿಸಿದಳು. ಹಿಂದಿನ ಸೀಟು ಕಿತ್ತು ಹಾಕಿ, ಬಿದಿರ ದಬ್ಬೆ ಅಡ್ಡ ಕಟ್ಟಿ, ತಟ್ಟೆ ಜೋಡಿಸಲು ಜಾಗ ಮಾಡಿದಳು. ಇರುವೆ ಹತ್ತಬಾರದು ಅಂತ ನಾಲ್ಕು ಚಕ್ರದ ಸುತ್ತಲೂ ಬೂದಿ ಸುರಿದಳು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಪಕ್ಕದಲ್ಲಿ ಚಪ್ಪಡಿ ಕಲ್ಲಿನ ಮೇಲೆ ನೀರಿನ ಬಿಂದಿಗೆ, ಚೊಂಬು ಇಟ್ಟಳು. ಹುಳುಮನೆಗೆ ಏನೇನು ಬೇಕೋ ಎಲ್ಲ ಆಯಿತು. ಅವಳ ಹಾಸಿಗೆ ಮುಂದಿನ ಸೀಟು. ಕಾಲು ಚಾಚಿದರೆ ಬ್ರೇಕಿಗೆ ತಾಗುತ್ತಿತ್ತು, ಮಡಚಿದರೆ ಸ್ಟೇರಿಂಗಿಗೆ. ಬ್ಯಾಟರಿಯಿಂದ ವೈರು ಎಳೆದು ತಟ್ಟೆಗಳ ಮೇಲೆ ಒಂದು ಪುಟ್ಟ ಬಲ್ಬು ಕಟ್ಟಿದಳು. ಆ ಊರಿಗೆ ಕರೆಂಟು ಇನ್ನೂ ಬಂದಿರಲಿಲ್ಲ. ಸಂಜೆಯಾದರೆ ಇಡೀ ಊರಿನಲ್ಲಿ ಬುಡ್ಡಿ ದೀಪ, ಗಯ್ಯಾಳಿಯ ಡಬ್ಬಿಯಲ್ಲಿ ಮಾತ್ರ ಬಲ್ಬು.

ಶಿಡ್ಲಘಟ್ಟದಿಂದ ರೇಷ್ಮೆ ಮೊಟ್ಟೆ ತಂದು ತಟ್ಟೆಗಳಲ್ಲಿ ಮರಿ ಮಾಡಿಸಿದಳು. ಬೆಳಕಾಯಿತು, ಕಾವು? ಮರಿಹುಳುವಿಗೆ ಎಳೆಬಿಸಿಲಿನಂಥ ಬೆಚ್ಚನೆ ಬೇಕು, ತೇವವೂ ಬೇಕು. ಧನುರ್ಮಾಸ ಹತ್ತಿರ ಬಂದಿತ್ತು, ಅಂಬಾಜಿದುರ್ಗದ ಕಡೆಯಿಂದ ಬೀಸುವ ಗಾಳಿ ಮೂಳೆಗೆ ನಾಟುತ್ತಿತ್ತು. ಆಗ ಅವಳಿಗೆ ಗಂಡನ ಒಂದು ಚಾಳಿ ನೆನಪಾಯಿತು. ದೂರ ಹೋಗಿ ಬಂದಾಗ ಪಾಪಯ್ಯ ರೇಡಿಯೇಟರಿನ ಕೆಳಗಿನ ತಿರುಪು ಬಿಚ್ಚಿ, ಆ ಬಿಸಿನೀರಲ್ಲಿ ಕೈಕಾಲು ತೊಳೆಯುತ್ತಿದ್ದ. ಸರಿ, ಅವಳು ದಿನಾ ಸಂಜೆ ತಟ್ಟೆಗಳನ್ನು ಪಕ್ಕದಲ್ಲೇ ಕಟ್ಟಿದ್ದ ಹುಲ್ಲಿನ ಮಾಡಿನಡಿ ಇಳಿಸಿ, ಕಾರು ಓಡಿಸಿಕೊಂಡು ಬಂದು, ಕುದಿನೀರನ್ನು ಹಿತ್ತಾಳೆ ಬಿಂದಿಗೆಗಳಿಗೆ ಬಸಿದು, ಒದ್ದೆ ಬಟ್ಟೆ ಸುತ್ತಿ ತಟ್ಟೆಗಳ ಕೆಳಗೆ ಇಡತೊಡಗಿದಳು. ಗಾಜನ್ನು ಬೆರಳು ತೂರುವಷ್ಟು ಮಾತ್ರ ಇಳಿಸುತ್ತಿದ್ದಳು. ಕಾರಿನ ಒಳಗು ಬಾಣಂತಿ ಕೋಣೆಯ ಹಾಗೆ ಬೆಚ್ಚಗಾಯಿತು. ಮಧ್ಯಾಹ್ನ ತಗಡು ಕಾದರೆ ಮೇಲೆ ಒದ್ದೆ ಗೋಣಿ ಹೊದಿಸುತ್ತಿದ್ದಳು.

ಸುಮ್ಮನೆ ಓಡಿಸಿದರೆ ಪೆಟ್ರೋಲು ಯಾರಪ್ಪನ ಮನೆಯಿಂದ ಬರಬೇಕು? ಮುರುಗಮಲ್ಲದ ದರ್ಗಾಕ್ಕೆ ಹೋಗುವ ಶಿಡ್ಲಘಟ್ಟದ ಹೆಂಗಸರು ಗಂಡಸು ಡ್ರೈವರಿನ ಕಾರಿಗೆ ಹತ್ತಲು ಹಿಂಜರಿಯುತ್ತಿದ್ದರು. ಇವಳ ಕಾರಿಗೆ ಸಂತೋಷವಾಗಿ ಹತ್ತಿದರು. ಹಿಂದೆ ಸೀಟಿಲ್ಲದಿದ್ದರೇನು, ದಬ್ಬೆ ಬಿಚ್ಚಿಟ್ಟ ಜಾಗದಲ್ಲಿ ಚಾಪೆ ಹಾಸಿ ಕೂತರು. ಅವರೇ ಪೆಟ್ರೋಲು ಹಾಕಿಸಿದರು, ಇಳಿಯುವಾಗ ದರ್ಗಾದ ಪ್ರಸಾದದ ಸಕ್ಕರೆಯನ್ನೂ ಕೈಗಿಟ್ಟರು. ಓಡಿದಷ್ಟೂ ಬ್ಯಾಟರಿ ತುಂಬಿತು, ನೀರು ಕಾಯಿತು.

ಎಲ್ಲ ಸಲೀಸಾಗಿ ಆಯಿತು ಅಂದುಕೊಳ್ಳಬೇಡಿ. ಮೊದಲ ಸಂಜೆ ಆತುರಪಟ್ಟು, ಕಾರು ನಿಲ್ಲಿಸಿದ ತಕ್ಷಣ ತಟ್ಟೆಗಳನ್ನು ಒಳಗಿಟ್ಟಳು. ಪೆಟ್ರೋಲಿನ ವಾಸನೆಗೆ ಮರಿಗಳು ಸೊಪ್ಪಿನಿಂದ ಮುಖ ತಿರುಗಿಸಿ ಅಂಚಿಗೆ ಹರಿದವು. ಒಂದು ತಟ್ಟೆ ಪೂರ್ತಿ ಸತ್ತಿತು. ಅವತ್ತು ಮಾತ್ರ ಲಕ್ಷ್ಮೀನರಸಮ್ಮ ಸ್ಟೇರಿಂಗಿಗೆ ಹಣೆ ಹಚ್ಚಿ, "ನನ್ನೊಬ್ಬಳನ್ನೇ ಬಿಟ್ಟು ಹೋದ್ಯಲ್ಲೋ," ಅಂತ ಗಂಡನನ್ನು ಬೈದು ಬೈದು ಅತ್ತಳು. ಬೆಳಗ್ಗೆ ಎದ್ದು ಮುಖ ತೊಳೆದುಕೊಂಡಳು. ಆಮೇಲಿಂದ ಕಾರು ನಿಂತ ಮೇಲೆ ಎಲ್ಲ ಬಾಗಿಲು ತೆರೆದು, ಗಾಳಿ ಆಡಿಸಿ, ತನ್ನ ಮೂಗಿಗೇ ವಾಸನೆ ಹತ್ತದ ಮೇಲೆ ತಟ್ಟೆ ಒಳಗಿಟ್ಟಳು. ಉಳಿದ ಹುಳುಗಳು ಒಂದನೇ ಜ್ವರ ಎದ್ದವು, ಎರಡನೆಯದೂ ಎದ್ದವು. ಮೈ ಬಲಿತು ಕಾರಿನಲ್ಲಿ ಹಿಡಿಸದಾದಾಗ, ಪಕ್ಕದ ಹುಲ್ಲಿನ ಮಾಡಿಗೆ ಸಾಗಿಸಿದಳು. ಬಲಿತ ಹುಳುವಿಗೆ ತಂಪು ಗಾಳಿಯೇ ಒಳ್ಳೆಯದು.

ಆ ಹೊತ್ತಿಗೆ ಚಳಿ ಕಚ್ಚತೊಡಗಿತು. ನರಸಿಂಹಪ್ಪ ಹುಳು ಸಾಕಲು ಕೂತದ್ದು ತಡವಾಗಿ, ಅವನವು ಇನ್ನೂ ಮರಿಗಳು. ಚಳಿಗೆ ಹೆದರಿ ಹುಳುಮನೆಯ ಕಿಟಕಿಯೆಲ್ಲ ಬಿಗಿದು, ಒಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟ. ಸೊಪ್ಪು ಬಾಡಿ ಗರಿಗರಿಯಾಯಿತು, ಹೊಗೆ ಕವಿಯಿತು, ಎರಡನೇ ಜ್ವರಕ್ಕೆ ಕೂತ ಹುಳು ಏಳಲೇ ಇಲ್ಲ. ಆ ಮನೆಯ ಹತ್ತಿರ ವಿಧವೆಯ ನೆರಳು ಸುಳಿದು ಎಷ್ಟು ಕಾಲವಾಗಿತ್ತೋ!

ಸಂಕ್ರಾಂತಿಗೆ ಎರಡು ದಿನ ಇರುವಾಗ ಬೆಳಗ್ಗೆ ಅವನ ಹೆಂಡತಿ ರಾಮಲಕ್ಷ್ಮಮ್ಮ ತಲೆಯ ಮೇಲೆ ತಟ್ಟೆಗಳನ್ನು ಹೊತ್ತು ತೋಟಕ್ಕೆ ಬಂದಳು.

"ಅಕ್ಕಾ, ಯಾವ ಮುಖ ಇಟ್ಕೊಂಡು ಕೇಳ್ಲಿ? ಇವು ಸತ್ರೆ ಈ ವರ್ಷ ಮಕ್ಕಳ ಹೊಟ್ಟೆಗೆ ಏನೂ ಇಲ್ಲ."

ಲಕ್ಷ್ಮೀನರಸಮ್ಮನ ನಾಲಿಗೆ ತುದಿಗೆ ಬೇಕಾದಷ್ಟು ಬಂತು. ಹೇಳಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಆದರೆ ತಟ್ಟೆಯಲ್ಲಿ ತಲೆ ಎತ್ತಿ ನಿಂತಿದ್ದ ಹುಳುಗಳನ್ನು ನೋಡಿ ಅವಳ ಕೈ ತಾನಾಗಿ ಮುಂದೆ ಹೋಯಿತು.

"ನಿನ್ ಗಂಡ ಮಾಡಿದ್ದಕ್ಕೆ ಹುಳ ಏನ್ ಮಾಡ್ತು ಪಾಪ. ಕೊಡಿಲ್ಲಿ. ಮೊದ್ಲು ಕಾಲು ತೊಳ್ಕೊ."

ಖಾಲಿಯಾಗಿದ್ದ ಕಾರಿನಲ್ಲಿ ಮೈದುನನ ಹುಳುಗಳು ಬಿಸಿನೀರ ಬಿಂದಿಗೆಗಳ ಮೇಲೆ ಕೂತವು. ಹುಲ್ಲಿನ ಮಾಡಿನಲ್ಲಿ ಅವಳ ಹುಳುಗಳು ಆಗಲೇ ಹಣ್ಣಾಗಿ, ಗೂಡು ಕಟ್ಟಲು ಇಟ್ಟ ಬಿದಿರಿನ ಚಂದ್ರಿಕೆ ಹತ್ತಿ ನೂಲು ಬಿಟ್ಟು ಮುಗಿಸಿದ್ದವು.

ಸಂಕ್ರಾಂತಿಯ ಹಿಂದಿನ ದಿನ ವೆಂಕಟರಾಯಪ್ಪ ಊರಿನ ನಾಲ್ಕು ಜನರನ್ನು ಕರೆದುಕೊಂಡು ತೋಟಕ್ಕೆ ಬಂದ. ಚಂದ್ರಿಕೆಯ ತುಂಬ ಗೂಡು ಹಳದಿ ಹೂವು ಬಿಟ್ಟ ಹಾಗೆ ಕೂತಿತ್ತು. ಹಿರಿಯ ಒಂದು ಗೂಡು ಬಿಡಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ, ತಲೆದೂಗಿದ. ನರಸಿಂಹಪ್ಪ ಬಿಡುತ್ತಾನೆಯೇ?

"ಗೂಡು ಆಗೈತೆ, ಇಲ್ಲ ಅನ್ನಲ್ಲ. ಆದ್ರೆ ಹುಳುಮನೆ ಎಲ್ಲಿ? ನೀವು ಹೇಳಿದ್ದು ಹುಳುಮನೇಲಿ ಅಂತ. ಇದು ಹುಲ್ಲಿನ ಮಾಡು, ಅದು ಡಬ್ಬಿ," ಅಂದ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವೆಂಕಟರಾಯಪ್ಪ ಮತ್ತೆ ಗಡ್ಡ ಕೆರೆಯಲು ಶುರುಮಾಡಿದ. ಲಕ್ಷ್ಮೀನರಸಮ್ಮ ಅವನ ಕೈಯನ್ನೇ ನೋಡಿದಳು. ಇಷ್ಟೆಲ್ಲ ಮಾಡಿ ಒಂದು ಮಾತಿಗೆ ತೋಟ ಹೋಗುತ್ತದೆಯೇ?

ಅಷ್ಟರಲ್ಲಿ ಕಾರಿನ ಹತ್ತಿರ ನಿಂತಿದ್ದ ರಾಮಲಕ್ಷ್ಮಮ್ಮ ಕೂಗಿದಳು: "ಇಲ್ಲಿ ನೋಡ್ರೀ, ನಮ್ಮ ಹುಳ ಜ್ವರ ಏಳ್ತಾ ಐತೆ!"

ನರಸಿಂಹಪ್ಪ ವಾದ ಬಿಟ್ಟು ಓಡಿದ. ಕಾರಿನ ಬಾಗಿಲಿಗೆ ಕೈ ಹಾಕಬೇಕು, ಅಷ್ಟರಲ್ಲಿ ಲಕ್ಷ್ಮೀನರಸಮ್ಮ ಅಡ್ಡ ನಿಂತಳು.

"ಬಾಯಲ್ಲಿ ಹೊಗೆಸೊಪ್ಪು ಇಟ್ಕೊಂಡು ಎಲ್ಲಿಗೆ ನುಗ್ತೀಯ? ಈಗಿನ್ನೂ ಪೊರೆ ಬಿಡ್ತಾವೆ. ಉಗಿದು ಬಾಯಿ ಮುಕ್ಕಳ್ಸು. ಕಾಲು ತೊಳ್ಕೊ."

ಹುಟ್ಟಿದಾಗಿನಿಂದ ಹುಳುವಿನ ಜೊತೆ ಬೆಳೆದವನು. ಅಭ್ಯಾಸ ಬಿಟ್ಟೀತೇ? ಹೊಗೆಸೊಪ್ಪು ಉಗಿದ, ಬಾಯಿ ಮುಕ್ಕಳಿಸಿದ, ಚಪ್ಪಡಿ ಕಲ್ಲಿನ ಮೇಲೆ ನಿಂತು ಚೊಂಬಿನಿಂದ ಕಾಲಿಗೆ ನೀರು ಹುಯ್ದುಕೊಂಡ. ಒಂದು ಹಿಮ್ಮಡಿಯನ್ನು ಇನ್ನೊಂದು ಪಾದದಿಂದ ತಿಕ್ಕುತ್ತಿದ್ದವನು ತಲೆ ಎತ್ತಿದರೆ, ಎಲ್ಲರೂ ಅವನನ್ನೇ ನೋಡುತ್ತಿದ್ದರು. ಚೊಂಬು ಅವನ ಕೈಯಲ್ಲೇ ನಿಂತಿತು.

ವೆಂಕಟರಾಯಪ್ಪ ಗಡ್ಡದಿಂದ ಕೈ ತೆಗೆದು, ಮೆಟ್ಟು ಬಿಟ್ಟು ಮುಂದೆ ಬಂದ.

"ಚೊಂಬು ಈ ಕಡೆ ಕೊಡಪ್ಪ. ಹುಳುಮನೆಗೆ ಹೋಗಬೇಕಲ್ಲ, ನಾನೂ ಕಾಲು ತೊಳ್ಕೊತೀನಿ."

ಲಕ್ಷ್ಮೀನರಸಮ್ಮ ಕಾರಿನ ಬಾಗಿಲು ತೆರೆದಳು.

"ಒಬ್ಬೊಬ್ರೇ ಬನ್ನಿ," ಅಂದಳು. "ಮನೆ ಚಿಕ್ಕದು."