ಲೋಕಲ್ ಚಾನಲ್ಲಿನ ಮೋಹನ್‌ಬಾಬು

ಶಿಡ್ಲಘಟ್ಟದ ನಮ್ಮ ಲೋಕಲ್ ಟಿವಿ ಚಾನಲ್ ಎಂದರೆ ಮೋಹನ್‌ಬಾಬು ಒಬ್ಬರೇ. ಕೇಬಲ್ ಬಂದ ಕಾಲದಿಂದಲೂ ಅವರೇ ವರದಿಗಾರ, ಅವರೇ ಕ್ಯಾಮೆರಾಮನ್, ಸಂಜೆ ವಾರ್ತೆ ಓದುವವರೂ ಅವರೇ. ಊರಿನಲ್ಲಿ ಎಮ್ಮೆ ಕೆಮ್ಮಿದರೂ ಮೈಕ್ ಹಿಡಿದು ಓಡುತ್ತಾರೆ. ಯಾರು ಸಿಕ್ಕರೂ, "ಎರಡು ಮಾತಾಡಿ ಸಾರ್, ಟೀವೀಲಿ ಬರುತ್ತೆ" ಎನ್ನುತ್ತಾರೆ. ಮನೆಮನೆಗೆ ಡಿಶ್ ಬಂದು, ಆಮೇಲೆ ಮೊಬೈಲೂ ಬಂದು ನೋಡುವವರು ಕಡಿಮೆಯಾದರೂ ಹಳೆಯ ಕ್ಯಾಸೆಟ್ ಒಂದನ್ನೂ ಅವರು ಎಸೆದಿಲ್ಲ. "ಮಲಗೋಕೂ ಜಾಗ ಇಲ್ಲ, ಈ ಕಸ ಯಾಕ್ರೀ?" ಎಂದು ಹೆಂಡತಿ ಪವಿತ್ರ ರೇಗಿದರೆ, "ಇರ್ಲಿ ಬಿಡೇ" ಎಂದಷ್ಟೇ ಹೇಳುತ್ತಾರೆ. ಯಾಕೆಂದು ನನಗೂ ಕುತೂಹಲವಿತ್ತು. ಮೊನ್ನೆ ನಾನು ಅವರ ಮನೆಯಲ್ಲಿದ್ದಾಗ ದಿಬ್ಬೂರಹಳ್ಳಿಯ ಓಬಳಮ್ಮ ಬಂದರು. ತೀರಿಕೊಂಡ ಗಂಡ ಆವಲಪ್ಪ ಹಿಂದೊಮ್ಮೆ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಟಿವಿಗೆ ಮಾತಾಡಿದ್ದರಂತೆ, ಅದು ಸಿಗುತ್ತದೆಯೇ ಎಂದು ಕೇಳಿದರು. ಮೋಹನ್‌ಬಾಬು ವಾರ್ತೆಯ ಹೊತ್ತನ್ನೂ ಮರೆತು ಹುಡುಕಿ ಕ್ಯಾಸೆಟ್ ಹಾಕಿದರು. ಪರದೆಯ ಮೇಲೆ ಆವಲಪ್ಪ ಗೂಡಿನ ರೇಟು ಹೇಳಿ, "ಸಾಕು ಬಿಡಪ್ಪ, ಮನೇಲಿ ಅವ್ಳು ಊಟ ಮಾಡ್ದೆ ಕಾಯ್ತಿರ್ತಾಳೆ" ಎಂದು ನಕ್ಕರು. ಓಬಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನಾನ್ ಕಾಯೋದು ಈವಯ್ಯಂಗೆ ಗೊತ್ತಿತ್ತಾ?" ಎಂದರು. ಪರದೆಯ ಹತ್ತಿರ ಸರಿದು ಕೂತು, "ಇನ್ನೊಂದ್ ಸಲ ಹಾಕಪ್ಪ" ಎಂದರು.